ಏಳು ಸಾವಿರ ವರ್ಷದ ಅರಸನಿಗೆ ಯಾವ ಎಣ್ಣೆ?

ಕೂತವರೇ, ನಿಂತವರೇ, ಟಿಕೇಟಿಲ್ಲದೆ ತಟ್ಟಿಯ ಸಂದಿಯಿಂದ ಇಣುಕುತ್ತಿರುವವರೇ! ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ ತಾಯಂದಿರೇ, ಮಿರ್ಚಿ ಬಾಯಲ್ಲಿಟ್ಟುಕೊಂಡೇ ಶಿಳ್ಳೆ ಹೊಡೆಯಲು ಹೊರಟ ಅಣ್ಣಂದಿರೇ! ಗದ್ದಲ ಬೇಡ, ಗದ್ದಲ ಬೇಡ! ಪರದೆ ಏಳುವ ಮೊದಲೇ ಸೂತ್ರಧಾರನಿಗೇ ಹೆದರಿಕೆ ಹುಟ್ಟಿಸಿರುವ ಆಟ ಇದು. ಸ್ವಲ್ಪ ಹತ್ತಿರ ಸರಿದು ಕೂತುಕೊಳ್ಳಿ. ನನಗೆ ಧೈರ್ಯ ಬರಲಿ ಎಂದು ಕೇಳುತ್ತಿದ್ದೇನೆ.

ಇಂದು ಇಸವಿ ಎರಡು ಸಾವಿರದ ಮುನ್ನೂರ ಹನ್ನೊಂದು, ಫೆಬ್ರವರಿ ತಿಂಗಳ ಮೂವತ್ತನೆಯ ತಾರೀಖು. ನಗಬೇಡಿ. ನಮ್ಮಲ್ಲಿ ಮೇ ತಿಂಗಳ ಬಿಸಿಲನ್ನು ಯಾರೂ ತಾಳಲಾರದೆ ಹೋದಾಗ ದೊರೆತನದವರು ಅದರ ಕೊನೆಯ ದಿನಗಳನ್ನು ಕತ್ತರಿಸಿ ಫೆಬ್ರವರಿಗೆ ತೇಪೆ ಹಚ್ಚಿದರು. ಬಿಸಿಲಿಗೆ ಆ ಹುಕುಂ ಮುಟ್ಟಲಿಲ್ಲ. ಆದರೆ ಹೀಗೆ ತೇಪೆ ಹಚ್ಚಿದ ದಿನಗಳಲ್ಲಿ ಕಾಲದ ಬಟ್ಟೆ ತುಸು ಸಡಿಲವಾಗಿರುತ್ತದಂತೆ. ಆ ಸಡಿಲಿನಲ್ಲಿ ಕಾಗದ ತೂರಿಸಿ ಹಿಂದಿನವರಿಗೆ ಕಳಿಸುವ ಏರ್ಪಾಡಿಗೆ ಹಿಂದಂಚೆ ಎನ್ನುತ್ತೇವೆ. ಈ ಕಾಗದವೂ ಅದರಲ್ಲೇ ಮುನ್ನೂರು ವರ್ಷ ಹಿಂದಿನ ನಿಮಗೆ ಬರುತ್ತಿದೆ. ಹಾಗೆ ಕಳಿಸಿದ್ದು ಮುಟ್ಟಿದೆ ಎಂದು ಯಾರೂ ಮರಳಿ ಬರೆದದ್ದಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮೆ ಇರಲಿ. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ಅಡುಗೆಮನೆಯ ಚಾವಣಿಯಿಂದ. ಅದು ಹೇಗೆಂದು ಹೇಳುತ್ತೇನೆ.

ನಾನು ಫಕೀರಪ್ಪ ಬಣ್ಣದ. ಗಜೇಂದ್ರಗಡದ ಗುಡ್ಡದ ಕೆಳಗೆ ಬಿಡಾರ ಹೂಡಿರುವ ನಾಟಕ ಕಂಪನಿಯ ಮಾಸ್ತರ. ನನ್ನ ಮಗಳು ತುಂಗವ್ವ ಈಗ ನನ್ನ ಎಡಗಡೆಯ ಹೊರಸಿನ ಮೇಲೆ ಮಲಗಿದ್ದಾಳೆ. ಮೂವತ್ತನಾಲ್ಕು ವರ್ಷದ ಹೆಣ್ಣು. ಅವಳ ಮುಂಗೈಯನ್ನು ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದರೆ ಇನ್ನೂ ಜಾಗ ಉಳಿಯುತ್ತದೆ. ಅವಳು ಉಣ್ಣುತ್ತಿಲ್ಲ. ಬಡತನದಿಂದಲ್ಲ, ರೋಗದಿಂದಲ್ಲ, ಹಟದಿಂದಲೂ ಅಲ್ಲ. ನಿಮ್ಮ ಮಾತು ಕೇಳಿ ಉಣ್ಣುತ್ತಿಲ್ಲ.

ಹೌದು, ನಿಮ್ಮದೇ! ಗಾಬರಿಯಾಗಬೇಡಿ, ಅಥವಾ ಆದರೆ ಆಗಿ. ನಮ್ಮ ಕಾಲದಲ್ಲಿ ಪ್ರತಿ ಅಡುಗೆಮನೆಯ ಚಾವಣಿಗೂ ತೆಂಗಿನಕಾಯಿ ಗಾತ್ರದ ಒಂದು ಗುಂಡು ಅಂಟಿಸಿರುತ್ತಾರೆ. ಅದರ ಹೆಸರು ಹಿತವಾಣಿ. ಬೆಳಗಾದರೆ ಅದು ಮನೆಯವರ ಹೆಸರನ್ನು ಒಂದೊಂದಾಗಿ ಹಿಡಿದು ಕೂಗುತ್ತದೆ. ನೀನು ಇಂಥದ್ದು ತಿನ್ನು, ನೀನು ಇಂಥದ್ದು ಮುಟ್ಟಬೇಡ ಎನ್ನುತ್ತದೆ. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಯಂತ್ರಗಳೆಲ್ಲ ಆರಿಹೋದ ದೊಡ್ಡ ಕತ್ತಲೆಯ ವರ್ಷಗಳಲ್ಲಿ ನಿಮ್ಮ ಕಾಲದ ಬರಹಗಳೆಲ್ಲ ಚೆಲ್ಲಾಪಿಲ್ಲಿಯಾದವು. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಅಳೆದು ತೂಗಿ ಬರೆದವರ ಮಾತು, ಡಬ್ಬಿಯ ಮೇಲೆ ಚಿತ್ರ ಅಂಟಿಸಿ ಮಾರಿದವರ ಮಾತು, ಅತ್ತಿಗೆಯ ತಂಗಿಯ ಮೈದುನ ಹೇಳಿದ ಮಾತು, ಎಲ್ಲವೂ ಒಂದೇ ರಾಶಿಗೆ ಬಿದ್ದವು. ಯಾರದ್ದು ಯಾವುದು ಎಂಬ ಗುರುತು ಅಳಿಸಿಹೋಯಿತು. ಆ ರಾಶಿಗೆ ಮಾತಿನುಗ್ರಾಣ ಎನ್ನುತ್ತೇವೆ. ಹಿತವಾಣಿ ಅದರೊಳಗೆ ಕೈಹಾಕಿ ಸಿಕ್ಕಿದ್ದನ್ನು ತೆಗೆದು, ನಿಮ್ಮ ದನಿಯಲ್ಲೇ ಹೇಳುತ್ತದೆ. ಬಳೆ ಸದ್ದು ಮಾಡುತ್ತ ಒಬ್ಬ ತಾಯಿ ಬರುತ್ತಾಳೆ. ಫ್ರೆಂಡ್ಸ್, ಮನೆಯಲ್ಲಿರೋ ಸೂರ್ಯಕಾಂತಿ ಎಣ್ಣೆ ಇವತ್ತೇ ಚೆಲ್ಲಿಬಿಡಿ, ಅದು ನಿಧಾನ ವಿಷ ಎನ್ನುತ್ತಾಳೆ. ಮರುದಿನ ಕೆಮ್ಮುತ್ತ ಒಬ್ಬ ಯಜಮಾನ ಬರುತ್ತಾನೆ. ಕೊಬ್ಬರಿ ಎಣ್ಣೆ ತಿಂದವನ ಹೃದಯ ಕಟ್ಟುತ್ತದೆ, ಸೂರ್ಯಕಾಂತಿಯೇ ಲೇಸು ಎನ್ನುತ್ತಾನೆ. ಮೂರನೆಯ ದಿನ ಅದೇ ಯಜಮಾನ, ಅದೇ ಕೆಮ್ಮು! ಕೊಬ್ಬರಿ ಎಣ್ಣೆ ಅಮೃತ, ಬೆಳಿಗ್ಗೆ ಬರೀ ಹೊಟ್ಟೆಗೆ ಎರಡು ಚಮಚ ಎನ್ನುತ್ತಾನೆ. ಕೊನೆಯಲ್ಲಿ ಎಲ್ಲರೂ ಒಂದೇ ರಾಗದಲ್ಲಿ ಹಾಡುವ ಮಂಗಳವೊಂದಿದೆ. ಇದನ್ನು ಕೂಡಲೇ ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ. ನಮ್ಮ ಮಕ್ಕಳು ತೊಟ್ಟಿಲಲ್ಲಿ ಕೇಳುವ ಮೊದಲ ಪದ ಅದು.

ಇಂಥ ವಾಣಿಯ ಕೆಳಗೆ ಬಾಳುವವರ ದಿನಚರಿ ಕೇಳಿ. ನಾವು ಯಾರೂ ಜೊತೆಯಲ್ಲಿ ಕೂತು ಉಣ್ಣುವುದಿಲ್ಲ. ಗಂಡನಿಗೆ ಹಿತವೆಂದದ್ದು ಹೆಂಡತಿಗೆ ಅಹಿತ. ಒಬ್ಬರ ತಾಟಿನ ವಾಸನೆ ಇನ್ನೊಬ್ಬರಿಗೆ ತಾಗಬಾರದೆಂದು ಪ್ರತಿ ಮನೆಯಲ್ಲೂ ತಲೆಗೊಂದರಂತೆ ಒಂಟಿಗೂಡುಗಳಿವೆ. ಗೋಡೆಗೆ ಮುಖ ಮಾಡಿ ಕೂತು ಉಣ್ಣುವ ಮರದ ಪೆಟ್ಟಿಗೆಗಳು ಅವು. ಮದುವೆಗೆ ಹೋದರೆ ಅಕ್ಷತೆ ಹಾಕಿ, ನಮ್ಮ ಹೆಸರು ಬರೆದ ಮುಚ್ಚಿದ ಪೊಟ್ಟಣ ಹಿಡಿದು, ಕಳ್ಳರ ಹಾಗೆ ಮನೆಗೆ ಬರುತ್ತೇವೆ. ಊಟಕ್ಕೆ ಬಾ ಎಂಬುದು ನಮ್ಮಲ್ಲಿ ಬೈಗುಳ. ಸಂತೆಯಲ್ಲಿ ಇಬ್ಬರು ಜಗಳಕ್ಕೆ ನಿಂತು, ಕೈ ಕೈ ಮಿಲಾಯಿಸುವ ಮೊದಲು ಒಬ್ಬ ಹಲ್ಲು ಕಡಿದು, ಮನೀಗೆ ಉಣ್ಣಾಕ ಬಾರಲೇ ಮಗನ, ನೋಡ್ಕೋತೀನಿ ಎನ್ನುತ್ತಾನೆ. ಕೇಳಿದವರು ಮಕ್ಕಳ ಕಿವಿ ಮುಚ್ಚುತ್ತಾರೆ.

ಇನ್ನು ಮಹಾಹಾರ! ನೀವು ಸೂಪರ್‌ಫುಡ್ ಎನ್ನುತ್ತಿದ್ದದ್ದು ಇದೇ. ನಾನು ಸಣ್ಣವನಿದ್ದಾಗ ಒಂದು ಬೆಳಿಗ್ಗೆ ನುಗ್ಗೆಸೊಪ್ಪು ಮಹಾಹಾರ ಎಂದು ಹಿತವಾಣಿ ಕೂಗಿತು. ಊರಿಗೆ ಊರೇ ಮರ ಹತ್ತಿತು. ಅಜ್ಜಿಯರು ಸೀರೆ ಕಚ್ಚೆ ಹಾಕಿ ಟೊಂಗೆಗೆ ಜೋತುಬಿದ್ದರು. ಸಂಜೆಯೊಳಗೆ ಗಜೇಂದ್ರಗಡದಲ್ಲಿ ಎಲೆಯಿದ್ದ ನುಗ್ಗೆಮರ ಒಂದೂ ಉಳಿಯಲಿಲ್ಲ. ಮುಂದಿನ ಸುಗ್ಗಿಗೆ ಅದೇ ವಾಣಿ ನುಗ್ಗೆ ಮೂತ್ರಪಿಂಡಕ್ಕೆ ಮಾರಕ ಎಂದಿತು. ಅದೇ ಅಜ್ಜಿಯರು ಕೊಡಲಿ ತಂದರು. ಹೀಗೆ ಅಗಸೆ ಬಂತು, ಹೋಯಿತು. ನವಣೆ ಬಂತು, ದೇವರ ಜಗುಲಿ ಏರಿತು, ಇಳಿಯಿತು. ಕಪ್ಪು ಬೀಜ, ಕೆಂಪು ಅಕ್ಕಿ, ಬೆಣ್ಣೆಹಣ್ಣು, ಹಾಗಲದ ರಸ, ಎಲ್ಲವೂ ರಾಜನ ವೇಷದಲ್ಲಿ ರಂಗಕ್ಕೆ ಬಂದು ರಾಕ್ಷಸನ ವೇಷದಲ್ಲಿ ನಿರ್ಗಮಿಸಿದವು. ಆದರೂ ನಾವು ಬದುಕಿದೆವು. ಹೇಗೆಂದರೆ, ಇಂದು ಬೇಡ ಎಂದದ್ದು ನಾಳೆ ಬೇಕು ಎನ್ನಿಸಿಕೊಳ್ಳುತ್ತದೆಂಬ ಭಂಡ ನಂಬಿಕೆಯಿಂದ. ಎರಡು ನಾಲಿಗೆಯ ನಡುವಿನ ಸಂದಿಯಲ್ಲಿ ನುಸುಳಿ ಒಂದಿಷ್ಟು ಉಂಡುಕೊಂಡೆವು.

ನನ್ನ ಮಗಳಿಗೆ ಆ ಸಂದಿಯೇ ಸಿಗಲಿಲ್ಲ. ಅದು ಆದದ್ದು ನಮ್ಮ ಕಂಪನಿಯ ಒಂದು ಪದ್ಧತಿಯಿಂದ.

ಡೇರೆಯ ನಡುಗಂಬ ನೆಟ್ಟ ದಿನದಿಂದ ಅದನ್ನು ಕೀಳುವ ದಿನದವರೆಗೆ ನಮ್ಮ ಬಿಡಾರದಲ್ಲಿ ಯಾರೂ ಯಾರ ಸ್ವಂತ ಹೆಸರನ್ನೂ ಹಿಡಿಯುವಂತಿಲ್ಲ. ಪಾತ್ರದ ಹೆಸರೇ ಹೆಸರು. ಸ್ವಂತ ಹೆಸರು ಕೂಗಿದರೆ ಪಾತ್ರ ಮುನಿದು ಮೈಬಿಟ್ಟು ಹೋಗುತ್ತದೆಂಬುದು ಹಿರಿಯರ ಮಾತು. ಆದ್ದರಿಂದ ಬಿಡಾರದ ತುಂಬ, ಏ ಮಂತ್ರಿ, ತಂತಿ ಮ್ಯಾಲಿನ ನಿನ್ನ ಚಡ್ಡಿ ತಗೀ, ಮಳಿ ಬರ್ತದ, ಅಥವಾ ಪಟ್ಟದರಸೀ, ಬಕೀಟು ತುಂಬಿತೇನ, ಇಂಥ ಕೂಗು ಕೇಳುತ್ತಿರುತ್ತದೆ. ಹೆತ್ತ ಮಗಳನ್ನು ನಾನು ಮಹಾರಾಜಾ ಎಂದೇ ಕರೆಯುತ್ತೇನೆ. ಅವಳದು ಜಠರಸೇನ ಮಹಾರಾಜನ ಪಾತ್ರ. ಹತ್ತಿಯ ಡೊಳ್ಳುಹೊಟ್ಟೆ ಕಟ್ಟಿ, ಎದೆಯವರೆಗೆ ಗಡ್ಡ ಬಿಟ್ಟು ಅವಳು ಹೆಜ್ಜೆ ಹಾಕಿದರೆ ಹಲಗೆ ಗುಡುಗುತ್ತಿತ್ತು. ಏಳು ಸಾವಿರ ವರ್ಷ ಹಸಿದೇ ಬದುಕಬೇಕೆಂದು ಶಾಪ ಪಡೆದ ಅರಸ ಕೊನೆಯ ಅಂಕದಲ್ಲಿ ಕುಂಬಾರತಿಯೊಬ್ಬಳು ತಂದ ಬಂಡಿ ಊಟವನ್ನು ಉಂಡು ಮುಕ್ತನಾಗುವುದು ಕಥೆ. ಆ ಊಟ ನಿಜದ ಊಟವೇ ಆಗಿರಬೇಕು. ರಂಗದ ಮೇಲಿನದನ್ನು ನಮ್ಮ ಕಾಯಿದೆ ವೇಷದ ಅನ್ನ ಎಂದು ಬಿಟ್ಟಿದೆ, ಅದಕ್ಕೆ ಹಿತವಾಣಿಯ ಅಪ್ಪಣೆ ಬೇಕಿಲ್ಲ. ಖಡಕ್ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಅದರ ಗುಳಿಯಲ್ಲಿ ಕುಸುಬಿ ಎಣ್ಣೆ. ಒಬ್ಬ ಮನುಷ್ಯ ಹೆದರದೆ ಉಣ್ಣುವುದನ್ನು ನೋಡಲು ಜನ ಎರಡು ದಿನ ನಡೆದು ಬರುತ್ತಿದ್ದರು. ನೋಡಿ ಅಳುತ್ತಿದ್ದರು.

ಈ ವರ್ಷ ತಿರುಗುವ ಕಂಪನಿಗಳ ಅಡುಗೆಡೇರೆಗೂ ಹಿತವಾಣಿ ಕಡ್ಡಾಯವೆಂದು ಹುಕುಂ ಬಂತು. ಅದು ಬಂದು ಚಾವಣಿಗೆ ಅಂಟುವ ಹೊತ್ತಿಗೆ ನಡುಗಂಬ ನೆಟ್ಟಾಗಿತ್ತು. ನಮ್ಮ ಮ್ಯಾನೇಜರ್ ಕೊಟ್ರಪ್ಪ ಅದರ ಕೆಳಗೆ ಕೈಕಟ್ಟಿ ನಿಂತ. ಎಲ್ಲರ ವಿವರ ಹೇಳುತ್ತ ತುಂಗವ್ವನ ಸರದಿ ಬಂದಾಗ, ಹೆಸರು ಎಂದು ಅದು ಕೇಳಿತು. ಕಂಬ ನೆಟ್ಟ ಮೇಲೆ ಕೊಟ್ರಪ್ಪನ ಬಾಯಲ್ಲಿ ಸ್ವಂತ ಹೆಸರು ಹೇಗೆ ಬಂದೀತು? ಜಠರಸೇನ ಮಹಾರಾಜರು ಎಂದ. ವಯಸ್ಸು? ಏಳು ಸಾವಿರ ಆಗಿರಬೇಕ್ರೀ ಎಂದ. ತೊಂದರೆ? ತೊಂದ್ರಿ ಅಂದ್ರ... ಹಸಿವು ಒಂದ ನೋಡ್ರಿ, ಮತ್ತೇನಿಲ್ಲ! ಅಂದು ಬಿಡಾರದವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ತುಂಗವ್ವ ಎಲ್ಲರಿಗಿಂತ ಜೋರಾಗಿ ನಕ್ಕು, ವಯಸ್ಸು ಕಡಿಮಿ ಹೇಳೋದಿಲ್ಲೇನೋ ಹಾಳಾದವನ, ನಾನೇನು ಅಷ್ಟು ಮುದುಕ ಕಾಣ್ತೀನಿ? ಎಂದು ಗಡ್ಡ ನೀವಿಕೊಂಡಳು.

ಹಿತವಾಣಿ ನಗಲಿಲ್ಲ. ಏಳು ಸಾವಿರ ವರ್ಷದ ದೇಹಕ್ಕೆ ಏನು ಹಿತವೆಂದು ಉಗ್ರಾಣದಲ್ಲಿ ಹುಡುಕಿತು. ವಯಸ್ಸಾದವರಿಗೆ ಹಿತವೆಂಬ ಮಾತುಗಳೆಲ್ಲ ಎಂಬತ್ತಕ್ಕೋ ತೊಂಬತ್ತಕ್ಕೋ ನಿಂತುಹೋಗಿದ್ದವು. ಅಹಿತವೆಂಬ ಮಾತುಗಳಿಗೆ ಮಾತ್ರ ಗಡಿ ಇರಲಿಲ್ಲ. ಅರವತ್ತು ದಾಟಿದವರು ಕರಿದದ್ದು ಬಿಡಿ, ಎಪ್ಪತ್ತು ದಾಟಿದವರು ಉಪ್ಪು ಬಿಡಿ, ವಯಸ್ಸಾದಷ್ಟೂ ಎಣ್ಣೆಯೆಂಬುದನ್ನು ಕಣ್ಣಲ್ಲೂ ನೋಡಬೇಡಿ. ಏಳು ಸಾವಿರಕ್ಕೆ ಅವೆಲ್ಲವೂ ಸಲ್ಲುತ್ತಿದ್ದವು. ಮೊದಲ ಬೆಳಿಗ್ಗೆ ಶೇಂಗಾ ಎಣ್ಣೆ ಹೋಯಿತು. ಆಮೇಲೆ ಕುಸುಬಿ, ತುಪ್ಪ, ಬೆಲ್ಲ, ಜೋಳ, ಬೇಳೆ. ಕೊನೆಗೆ ಕಾಸಿ ಆರಿಸಿದ ನೀರು, ಬೇಯಿಸಿದ ಸೋರೆಕಾಯಿಯ ನಾಲ್ಕು ಹೋಳು ಉಳಿದವು. ಪಾತ್ರಧಾರಿ ಪಾತ್ರದ ಪಥ್ಯ ಮೀರಬಾರದೆಂಬುದು ಕಂಪನಿಯ ಇನ್ನೊಂದು ಕಟ್ಟಳೆ. ತುಂಗವ್ವ ಮೀರಲಿಲ್ಲ. ಆಟದ ದಿನ ರಂಗದ ಮೇಲೆ ಉಣ್ಣುವ ನಾಲ್ಕು ತುತ್ತಷ್ಟೇ ಅದಕ್ಕೆ ಹೊರತು. ಮೈ ಕರಗಿದಷ್ಟೂ ಹೊಟ್ಟೆಗೆ ಹತ್ತಿ ಹೆಚ್ಚಿಗೆ ತುಂಬಿಕೊಂಡಳು. ನಮಗೆ ಕಾಣುತ್ತಿದ್ದದ್ದು ಮಹಾರಾಜ. ಮಹಾರಾಜ ದಪ್ಪಗೇ ಇದ್ದ.

ಕಳೆದ ಅಮಾವಾಸ್ಯೆಯ ಮಧ್ಯಾಹ್ನದ ಆಟ. ಡೇರೆ ಕಿಕ್ಕಿರಿದಿತ್ತು. ಬಂಡಿ ರಂಗಕ್ಕೆ ಬಂತು. ಎಣ್ಣೆಗಾಯಿಯ ವಾಸನೆ ಮೊದಲ ಸಾಲಿಗೆ ಮುಟ್ಟಿದಾಗ ಜನ ಉಸಿರು ಒಳಗೆಳೆದುಕೊಂಡ ಸದ್ದು ನನಗೆ ಪರದೆಯ ಹಿಂದೆ ಕೇಳಿತು. ಮಹಾರಾಜ ರೊಟ್ಟಿ ಮುರಿದ. ಹಿಂಡಿಗೆ ಅದ್ದಿದ. ಎಣ್ಣೆ ತೊಟ್ಟಿಕ್ಕುವ ತುತ್ತನ್ನು ಬಾಯಿಯ ಹತ್ತಿರ ತಂದ. ಅಲ್ಲಿಗೇ ನಿಂತ.

ಮೊದಲು ಇದೂ ಅಭಿನಯವೆಂದು ಜನ ನಕ್ಕರು. ಹಿಂದಿನಿಂದ ಒಬ್ಬ, ತಿನ್ನೋ ಅಣ್ಣಾ, ನಮ್ಮ ಪಾಲಿಂದೂ ತಿನ್ನು, ನಾವು ಬರೇ ನೋಡಾಕ ಹುಟ್ಟೇವಿ! ಎಂದು ಕೂಗಿದ. ಇನ್ನೊಬ್ಬ, ಹಲ್ಲು ಉದುರ್ಯಾವೇನೋ ಮುದುಕಾ? ಎಂದ. ಅವಳು ತುತ್ತನ್ನು ಹಾಗೇ ಹಿಡಿದಿದ್ದಳು. ಎಣ್ಣೆ ಮೊಣಕೈವರೆಗೆ ಇಳಿಯಿತು. ಆಗ ಅವಳು ಮಾತಾಡಿದಳು. ಕಥೆಯ ಮಾತಲ್ಲ. ನಿಮ್ಮ ಮಾತು. ಎಣ್ಣೆ ಕಾಯಿಸಿದರೆ ವಿಷ. ಕಾಯಿಸದಿದ್ದರೆ ವಿಷ. ಗಾಣದ್ದರಲ್ಲಿ ಬೂಸು, ಗಿರಣಿಯದ್ದರಲ್ಲಿ ರಾಸಾಯನಿಕ. ಜೋಳದಲ್ಲಿ ಸಕ್ಕರೆ. ಬದನೆಯಲ್ಲಿ ನಂಜು. ಒಂದೊಂದಾಗಿ, ಮೆಲ್ಲಗೆ, ನಿದ್ದೆಯಲ್ಲಿ ಮಾತಾಡುವವರ ಹಾಗೆ. ಮಹಾಜನರೇ, ಮುಂದಿನದನ್ನು ಕೇಳಿ. ಡೇರೆಯ ಜನ ಅವಳ ಜೊತೆ ಹೇಳತೊಡಗಿದರು. ಮೊದಲು ಮುಂದಿನ ಸಾಲಿನ ಮುದುಕಿಯರು, ಆಮೇಲೆ ಗಂಡಸರು, ಕೊನೆಗೆ ಮಡಿಲ ಕೂಸುಗಳು. ಎಲ್ಲರಿಗೂ ಬಾಯಿಪಾಠ. ಇಡೀ ಡೇರೆ ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ, ಒಂದು ತುತ್ತನ್ನು ಯಾಕೆ ತಿನ್ನಬಾರದೆಂದು ಭಜನೆ ಮಾಡಿತು. ನಾನು ಇಷ್ಟು ವರ್ಷ ರಂಗದ ಮೇಲೆ ರಾಕ್ಷಸರನ್ನು ಕಂಡವನು. ಅಂಥ ಸದ್ದು ಕೇಳಿರಲಿಲ್ಲ. ಪರದೆ ಎಳೆ ಎಂದು ಕಿರುಚಿದೆ. ಪರದೆ ಎಳೆಯುವವನೂ ಕಣ್ಣು ಮುಚ್ಚಿ ಹೇಳುತ್ತ ನಿಂತಿದ್ದ.

ಅಂದೇ ನಡುಗಂಬ ಕಿತ್ತೆವು. ಕೊಟ್ರಪ್ಪ ಹಿತವಾಣಿಯ ಕೆಳಗೆ ಅಡ್ಡಬಿದ್ದು, ತಪ್ಪಾತ್ರೀ, ಇದು ಹೆಣ್ಣಮಗಳು, ಮೂವತ್ನಾಲ್ಕು, ಹೆಸರು ತುಂಗವ್ವ ಎಂದು ಅತ್ತ. ಅದು ತಕರಾರಿಲ್ಲದೆ ಒಪ್ಪಿಕೊಂಡಿತು. ಮರುದಿನ ಬೆಳಿಗ್ಗೆ, ತುಂಗವ್ವ, ಶೇಂಗಾ ಎಣ್ಣೆ ನಿನಗೆ ಬಲ ಎಂದಿತು. ನಾನು ಎದ್ದು ಕುಣಿದೆ. ಹಂಚು ಕಾಯಿಸಿದೆ. ಸಂಜೆ ಅದೇ ಗುಂಡು, ತುಂಗವ್ವ, ಶೇಂಗಾ ಎಣ್ಣೆಯಿಂದ ನಿನ್ನ ಕೀಲುಗಳಲ್ಲಿ ಬಾವು ಎಂದಿತು. ನಮಗೆಲ್ಲ ಅದು ದಿನದ ಮಾತು. ಅವಳಿಗೆ ಹಾಗಲ್ಲ. ನನ್ನ ಕೈ ಹಿಡಿದು ಹೇಳಿದಳು. ಅಪ್ಪಾ, ಮಹಾರಾಜಗ ಹೇಳುವಾಗ ಅದು ಒಂದ ಮಾತು ಹೇಳತಿತ್ತು. ಇವತ್ತು ಬ್ಯಾಡ ಅಂದದ್ದು ನಾಳೆನೂ ಬ್ಯಾಡ. ಎಷ್ಟು ಹಗುರ ಇತ್ತು ಗೊತ್ತೇನು? ತುಂಗವ್ವಗ ಎರಡು ಮಾತು ಹೇಳತದ. ನಾ ತುಂಗವ್ವ ಆಗೂದುಲ್ಲ.

ಅಂದಿನಿಂದ ಅವಳು ಸೋರೆಕಾಯಿಯ ನಾಲ್ಕು ಹೋಳನ್ನೂ ಬಿಟ್ಟಿದ್ದಾಳೆ. ಸೋರೆ ಕಹಿಯಿದ್ದರೆ ವಿಷ ಎಂದು ಯಾರೋ ನಿಮ್ಮವರು ಹೇಳಿದ್ದು ಅವಳಿಗೆ ನೆನಪಾಯಿತು. ವೈದ್ಯೆ ಮಹಜಬೀನ ಡಂಬಳ ದಿನವೂ ಬರುತ್ತಾಳೆ. ನಳಿಗೆಯಲ್ಲಿ ಹಾಕುವ ಆಹಾರದ ಸೀಸೆ ತಂದಳು. ತುಂಗವ್ವ ಅದರ ಮೇಲಿನ ಅಕ್ಷರ ಓದಿ, ಇದರಾಗ ಎಣ್ಣಿ ಅದ ಎಂದು ನಳಿಗೆ ಕಿತ್ತೊಗೆದಳು. ಯಾವ ಎಣ್ಣೆ ಒಳ್ಳೆಯದು ತಾಯಿ, ನೀವಾದರೂ ಒಂದು ಮಾತು ಹೇಳಿ ಎಂದು ನಾನು ವೈದ್ಯೆಯ ಕಾಲು ಹಿಡಿದೆ. ಆಕೆ ನನ್ನ ಕೈ ಬಿಡಿಸಿ ಹೇಳಿದಳು. ಮಾಸ್ತರ, ನಾ ಓದಿದ್ದೂ ಅದೇ ರಾಶಿಯೊಳಗಿಂದ. ಈಗ ಇಕೀಗೆ ಯಾವ ಎಣ್ಣಿ ಅನ್ನೋದು ಪ್ರಶ್ನೀನ ಅಲ್ಲ. ಏನರ ಹೊಟ್ಟಿಗೆ ಹೋಗಬೇಕು. ನಾಡಿದ್ದಿನವರೆಗೆ ಇರ್ತಾಳಂತ ನಾ ಮಾತು ಕೊಡಲಾರೆ.

ನಾಡಿದ್ದಿನ ಮಾತು ಕೊಡಲಾರೆ ಎಂದಳು, ಕೇಳಿಸಿತೇ?

ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ನಿಮ್ಮ ದನಿಗಳನ್ನು ಹುಟ್ಟಿದಂದಿನಿಂದ ಕೇಳಿದ್ದೇನೆ. ನೀವು ಕೆಟ್ಟವರಲ್ಲ. ಬಳೆಯ ಸದ್ದಿನ ಆ ತಾಯಿಗೆ ನಿಜವಾಗಿ ಭಯವಾಗಿತ್ತು, ಅವಳ ಮನೆಯಲ್ಲಿ ಯಾರಿಗೋ ಎದೆನೋವು ಬಂದಿರಬೇಕು. ಆದರೆ ಒಂದು ಮಾತು ಹೇಳುತ್ತೇನೆ. ಕೂಗುವುದು ನನ್ನ ಕಸುಬು, ಆದ್ದರಿಂದ ನನಗೆ ಹೇಳುವ ಹಕ್ಕಿದೆ. ದನಿ ದೊಡ್ಡದಾದರೆ ಕೊನೆಯ ಸಾಲಿಗೆ ಕೇಳುತ್ತದೆ, ಅಷ್ಟೇ. ನಿಜವಾಗುವುದಿಲ್ಲ. ನಿಮ್ಮ ನಡುವೆ ಮೆಲ್ಲಗೆ ಮಾತಾಡಿದವರೂ ಇದ್ದಿರಬೇಕು. ಇಷ್ಟು ಅಳೆದು ನೋಡಿದ್ದೇವೆ, ಇಷ್ಟು ಗೊತ್ತಾಗಿದೆ, ಇನ್ನಿಷ್ಟು ಗೊತ್ತಿಲ್ಲ, ಹಿತಮಿತವಾಗಿ ಉಣ್ಣಿ ಎಂದವರು. ಅವರ ದನಿ ನಮ್ಮವರೆಗೆ ಬಂದಿಲ್ಲ. ಉಗ್ರಾಣದಲ್ಲಿ ಅರಚಾಟ ಮಾತ್ರ ಉಳಿದಿದೆ. ಕೈಮುಗಿದು ಬೇಡುತ್ತೇನೆ, ಆ ಮೆಲುದನಿಗಳನ್ನು ಬೇರೆಯಾಗಿ ಎತ್ತಿಡಿ. ಅಳೆದವನ ಮಾತಿಗೂ ಮಾರಿದವನ ಮಾತಿಗೂ ನಡುವೆ ಒಂದು ತಡಿಕೆಯಾದರೂ ಕಟ್ಟಿ. ಹತ್ತು ಜನಕ್ಕೆ ಕಳಿಸುವ ಮೊದಲು ಬೆರಳನ್ನು ಒಂದು ಉಸಿರಿನಷ್ಟು ಹೊತ್ತು ತಡೆಯಿರಿ. ಆ ಹತ್ತರ ಆಚೆ ಮುನ್ನೂರು ವರ್ಷ ದೂರದಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡು ಮಲಗಿದ್ದಾಳೆ.

ನನ್ನ ಪಾಡು ನಾನು ನೋಡಿಕೊಳ್ಳಬೇಕು. ನಿಮ್ಮ ಮರುತ್ತರಕ್ಕೆ ಕಾಯುವಷ್ಟು ಹೊತ್ತು ಇಲ್ಲ. ಕೊಟ್ರಪ್ಪನಿಗೆ ಹೇಳಿದ್ದೇನೆ, ಹಿತವಾಣಿಯ ತಂತಿ ಕತ್ತರಿಸಲು ಇಕ್ಕಳ ತಂದಿದ್ದಾನೆ. ಅದು ಬಾಯಿ ಮುಚ್ಚಿದ ಮೇಲೆ ಅದರ ದನಿಯಲ್ಲಿ ನಾನೇ ಮಾತಾಡುತ್ತೇನೆ. ಮಾಸ್ತರ, ಸಿಕ್ಕಿಬಿದ್ರ ಇಬ್ಬರೂ ಜೇಲಿಗೆ ಎಂದ. ಜೇಲಿನಾಗ ಒಂಟಿಗೂಡು ಇರೂದುಲ್ಲಂತ, ಜೊತೀಲೆ ಉಣ್ಣೋಣು ಬಾ ಎಂದೆ. ಇಬ್ಬರೂ ನಗಲು ನೋಡಿದೆವು.

ನನಗೆ ಭಯ ಇರುವುದು ಜೇಲಿನದಲ್ಲ. ಕುಸುಬಿ ಎಣ್ಣೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಎಳ್ಳಷ್ಟೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವನ ದನಿಯಲ್ಲಿ ಹೇಳಲು ಹೊರಟಿದ್ದೇನೆ. ನಿಮ್ಮ ರಾಶಿಗೆ ನನ್ನದೂ ಒಂದು ಬೀಳುತ್ತದೆ. ಇನ್ನೊಂದು ಭಯವಿದೆ. ಅವಳು ತೊಟ್ಟಿಲಿನಿಂದ ನನ್ನ ದನಿ ಕೇಳಿದವಳು. ರಾಜ, ರಾಕ್ಷಸ, ಗಿಳಿ, ಗುಡುಗು, ಯಾವ ದನಿ ತೆಗೆದರೂ ಪರದೆಯ ಹಿಂದೆ ಇರುವುದು ಅಪ್ಪ ಎಂದು ಕಂಡುಹಿಡಿಯುತ್ತಿದ್ದಳು. ಈ ಸಲ ಕಂಡುಹಿಡಿದರೆ ಮುಗಿಯಿತು. ಮೂರನೆಯ ಮಾತೊಂದು ಹುಟ್ಟಿದಂತಾಗುತ್ತದೆ, ಆಮೇಲೆ ಯಾರ ಮಾತನ್ನೂ ನಂಬಲಾರಳು.

ಅಂಚೆಯವನು ಚೀಲದ ಬಾಯಿ ಕಟ್ಟುತ್ತಿದ್ದಾನೆ. ಮಹಾಜನರೇ, ನಾನಿನ್ನು ಎದ್ದೆ.

ನಾಳೆ ಬೆಳಕು ಹರಿಯುವ ಹೊತ್ತಿಗೆ ಅಡುಗೆಡೇರೆಯ ತಗಡಿನ ಚಾವಣಿಯ ಮೇಲೆ ಬೋರಲಾಗಿ ಮಲಗಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ನನ್ನ ದನಿಯಿಂದ ಅಪ್ಪನನ್ನು ಪೂರ್ತಿ ತೆಗೆದುಹಾಕುತ್ತೇನೆ. ಮಹಾರಾಜ ಜಠರಸೇನ, ಒಂದು ತುತ್ತು ಜೋಳದ ನುಚ್ಚು, ಅದರ ಮೇಲೆ ಒಂದು ಹನಿ ಕುಸುಬಿ ಎಣ್ಣೆ, ಇದು ನಿನಗೆ ಹಿತ ಎನ್ನುತ್ತೇನೆ. ಅವಳು ಬಾಯಿ ತೆರೆಯದಿದ್ದರೆ ಮತ್ತೆ ಅದನ್ನೇ ಹೇಳುತ್ತೇನೆ. ಒಂದು ಅಕ್ಷರ ಬದಲಿಸದೆ, ಅದನ್ನೇ ಹೇಳುತ್ತೇನೆ.